ಪೈಪು ತೊಳೆಯುವ ಕಟ್ಟೆಯ ಮೇಲೊಬ್ಬ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅಗ್ನಿಶಾಮಕ ಠಾಣೆಯ ಹಿಂದಿನ ಅಂಗಳದಲ್ಲಿ ಉದ್ದನೆಯ ಸಿಮೆಂಟ್ ತೊಟ್ಟಿಯೊಂದಿದೆ. ಅದರ ಕಟ್ಟೆಯ ಮೇಲೆ ಹೆಂಗಸೊಬ್ಬರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಕೂತಿದ್ದಾರೆ. ಐವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಒರಟು ಬ್ರಷ್ಷು. ಮಸಿ ಹಿಡಿದ ಹೋಸ್ ಪೈಪು ತೊಟ್ಟಿಯುದ್ದಕ್ಕೂ ಹೆಬ್ಬಾವಿನಂತೆ ಬಿದ್ದುಕೊಂಡಿದೆ. ಅದರ ಇನ್ನೊಂದು ತುದಿಯನ್ನು ಪಾಳಿ ಮುಗಿಸಿದ ಫೈರ್‌ಮನ್ ಒಬ್ಬ ಹಿಡಿದು ಉಜ್ಜುತ್ತಿದ್ದಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕಣ್ಣೆಲ್ಲ ಪೈಪಿನ ಮೇಲೆ.

"ಅಕ್ಕ, ಈ ಮಸಿ ಹೋಗಲ್ಲ."

"ಹೋಗದಿದ್ರೆ ಬಿಡು. ನೀನು ಉಜ್ಜು ಸುಮ್ನೆ."

ಅವನು ಮತ್ತೆ ಬ್ರಷ್ಷು ಎಳೆಯುತ್ತಾನೆ. ಆಮೇಲೆ ಅವನೇ ಪೈಪಿಗೆ ಹೇಳುವವನಂತೆ ಬಾಯಿ ಬಿಡುತ್ತಾನೆ: "ಆ ಮನೇಲಿ ನಾಯೀನ ಕಟ್ಟಿಹಾಕಿದ್ರು ಅಕ್ಕ. ಬಿಚ್ಚೋಕೆ ಹೋದೆ, ಸರಪಳಿ ಕೆಂಡದ ಹಾಗೆ ಕಾದಿತ್ತು." ಅಕ್ಕ "ಹೂಂ" ಎನ್ನುತ್ತಾರೆ. ಆ "ಹೂಂ" ಹಿಡಿದುಕೊಂಡು ಅವನು ಮುಂದಕ್ಕೆ ಹೋಗುತ್ತಾನೆ. ಪೈಪು ಬೆಳ್ಳಗಾಗುವ ಹೊತ್ತಿಗೆ ಅವನ ಮೂಗು ಕೆಂಪಾಗಿದೆ, ಮುಖ ಹಗುರಾಗಿದೆ.

ಕಾಗದದ ಮೇಲೆ ಇವರು ಆಪ್ತ ಸಮಾಲೋಚಕಿ. ಬೆಂಕಿ ಆರಿಸುವವರು, ಆಂಬುಲೆನ್ಸಿನವರು, ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡುವವರು ಕಂಡದ್ದನ್ನು ಮನೆಗೆ ಹೊತ್ತುಕೊಂಡು ಹೋಗಿ ಒಳಗೊಳಗೇ ಬೇಯದಂತೆ ನೋಡಿಕೊಳ್ಳುವುದು ಇವರ ಕೆಲಸ. ಠಾಣೆಯಲ್ಲಿ ಆ ಉದ್ದದ ಹೆಸರನ್ನು ಯಾರೂ ಬಳಸುವುದಿಲ್ಲ. "ಕಟ್ಟೆ ಅಕ್ಕ" ಅಂದರೆ ಗೇಟಿನವನೂ ಹಿಂದಿನ ಅಂಗಳದ ಕಡೆ ಕೈ ತೋರಿಸುತ್ತಾನೆ.

ಅಕ್ಕ ಹುಟ್ಟಿ ಬೆಳೆದದ್ದೇ ಈ ಅಂಗಳದ ಹಿಂದಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಇದೇ ಠಾಣೆಯ ದೊಡ್ಡ ಗಾಡಿಯ ಡ್ರೈವರ್. ಆಗ ಪೈಪುಗಳು ದಪ್ಪ ಕ್ಯಾನ್ವಾಸಿನವು, ನೀರು ಕುಡಿದರೆ ನಾಲ್ಕು ಆಳಿಗೂ ಜಗ್ಗುತ್ತಿರಲಿಲ್ಲ. ತೊಳೆದ ಪೈಪುಗಳನ್ನು ಎತ್ತರದ ಗೋಪುರದಿಂದ ಇಳಿಬಿಟ್ಟು ಒಣಗಿಸುತ್ತಿದ್ದರು. ಅವುಗಳ ನಡುವೆ ಕ್ವಾರ್ಟರ್ಸಿನ ಮಕ್ಕಳ ಕಣ್ಣಾಮುಚ್ಚಾಲೆ. ಒದ್ದೆ ಕ್ಯಾನ್ವಾಸಿನ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ತಾನು ಎರಡು ಜಡೆಯ ಹುಡುಗಿಯಾಗಿಬಿಡುತ್ತೇನೆ ಎಂದು ಅಕ್ಕ ನಗುತ್ತಾರೆ.

"ಗಂಟೆ ಹೊಡೀತು ಅಂದ್ರೆ ಎಲ್ಲ ಮನೆ ಅಮ್ಮಂದಿರೂ ಕೈಕೆಲಸ ಬಿಟ್ಟು ಬಾಗಿಲಿಗೆ ಬರೋರು. ಗಾಡಿ ವಾಪಸ್ ಬಂದ್ಮೇಲೂ ಅಪ್ಪ ಸೀದಾ ಮನೆಗೆ ಬರ್ತಿರಲಿಲ್ಲ. ಎಲ್ಲರೂ ತೊಟ್ಟಿ ಹತ್ರ ಕೂತು ಪೈಪು ತೊಳೆಯೋರು. ಏನೇನೋ ಮಾತು, ನಗು ಬಾರದ್ದಕ್ಕೂ ನಗು. ಒಂದೊಂದು ಸಲ ಯಾರೋ ಅಳ್ತಾನೂ ಇರ್ತಿದ್ರು. ನಾವು ಓಡಿಹೋದ್ರೆ ಅಮ್ಮ ಕೈ ಹಿಡಿದು ಎಳೆಯೋಳು. 'ಪೈಪು ತೊಳೆದು ಬರಲಿ ಕಣೆ, ಆಮೇಲೆ ಅಪ್ಪನ್ನ ಮಾತಾಡಿಸು' ಅನ್ನೋಳು."

ಅದೊಂದು ಚಿಕಿತ್ಸೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹಗುರವಾದ ಹೊಸ ಪೈಪುಗಳು ಬಂದವು. ಹಿಂದೆಯೇ ಅವನ್ನು ತೊಳೆದು ಒಣಗಿಸುವ ಮೆಷಿನ್ ಬಂತು. ತೊಟ್ಟಿಯಲ್ಲಿ ಹಳೆಯ ಟೈರು, ಒಣಗಿದ ಎಲೆ ತುಂಬಿಕೊಂಡವು. ಬೆಂಕಿ ಆರಿಸಿ ಬಂದವರು ಕೈ ತೊಳೆದು, ಮೊಬೈಲು ನೋಡುತ್ತಾ ಒಬ್ಬೊಬ್ಬರೇ ಮನೆಗೆ ಹೋಗತೊಡಗಿದರು.

ಅಕ್ಕ ಓದು ಮುಗಿಸಿ, ತರಬೇತಿ ಪಡೆದು ಇದೇ ಠಾಣೆಗೆ ಕೆಲಸಕ್ಕೆ ಬಂದಾಗ ಮಹಡಿಯ ಮೇಲೊಂದು ಕೋಣೆ ಕೊಟ್ಟರು. ಎದುರುಬದುರು ಎರಡು ಕುರ್ಚಿ, ಒಂದು ಫ್ಯಾನು, ಕಣ್ಣೊರೆಸಲು ಕಾಗದದ ಡಬ್ಬಿ. ತಿಂಗಳುಗಟ್ಟಲೆ ಡಬ್ಬಿಯ ಕಾಗದ ಖರ್ಚಾಗಲಿಲ್ಲ. ಸಾಹೇಬರು ಬಲವಂತವಾಗಿ ಕಳಿಸಿದವರು ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಎಲ್ಲ ಚೆನ್ನಾಗಿದೆ ಮೇಡಂ" ಎಂದು ಉಗುಳು ನುಂಗಿ ಎದ್ದು ಹೋಗುತ್ತಿದ್ದರು. ಒಬ್ಬನಂತೂ ಅಷ್ಟು ಹೊತ್ತೂ ತಲೆಯೆತ್ತಿ ನೋಡುತ್ತಾ ಕೂತು, ಹೋಗುವಾಗ "ಮೇಡಂ, ನಿಮ್ಮ ಫ್ಯಾನಿಗೆ ಎಣ್ಣೆ ಬಿಡಬೇಕು" ಎಂದನಂತೆ.

"ಕಣ್ಣಲ್ಲಿ ಕಣ್ಣಿಟ್ಟು 'ಹೇಗನ್ಸುತ್ತೆ' ಅಂತ ಕೇಳಿದ್ರೆ ಇವರ ಬಾಯಿ ಹೊಲಿದುಬಿಡುತ್ತೆ. ನನಗೂ ಹಾಗೇ. ನಾನೂ ಡ್ರೈವರ್ ಮಗಳಲ್ವಾ?" ಎನ್ನುತ್ತಾರೆ ಅಕ್ಕ.

ಒಂದು ದಿನ ಕೆಳಗಿಳಿದು ಬಂದವರೇ ಠಾಣಾಧಿಕಾರಿಗಳ ಮುಂದೆ ನಿಂತರು. ಹಳೆಯ ತೊಟ್ಟಿ ರಿಪೇರಿ ಮಾಡಿಸಿಕೊಡಿ ಎಂದರು. ಅಧಿಕಾರಿ ಹುಬ್ಬೇರಿಸಿದರು.

"ಮೆಷಿನ್ ಇದೆಯಲ್ಲ ಮೇಡಂ?"

"ಮೆಷಿನ್ ಪೈಪು ಮಾತ್ರ ತೊಳೆಯುತ್ತೆ ಸರ್."

ಅಧಿಕಾರಿಯೂ ಹಳಬರೇ, ಕ್ಯಾನ್ವಾಸ್ ಪೈಪು ಉಜ್ಜಿ ಮೇಲೆ ಬಂದವರು. ಕಿಟಕಿಯಾಚೆಯ ತೊಟ್ಟಿಯತ್ತ ನೋಡಿ ರಿಪೇರಿಗೆ ಸಹಿ ಹಾಕಿದರು. ಅಂದಿನಿಂದ ದೊಡ್ಡ ಬೆಂಕಿಯ ಮರುದಿನ ಪೈಪುಗಳು ಮೆಷಿನ್ನಿಗೆ ಹೋಗುವ ಮೊದಲು ತೊಟ್ಟಿಗೆ ಬರುತ್ತವೆ. ಬೆಳಗಿನ ಹೊತ್ತು ಕಟ್ಟೆಯ ಮೇಲೆ ಐದಾರು ಮಂದಿ, ಕೆಲವೊಮ್ಮೆ ಹತ್ತು. ಅವರಲ್ಲಿ ಇಬ್ಬರೋ ಮೂವರೋ ಆಮೇಲೆ ಮಹಡಿ ಹತ್ತುತ್ತಾರೆ. ಅಲ್ಲಿ ಬಾಗಿಲು ಹಾಕಿಕೊಂಡು ನಡೆಯುವುದು ಬೇರೆಯದೇ ಪಾಠ, ವಾರಗಟ್ಟಲೆಯ ಕೆಲಸ. ಔಷಧಿ ಬೇಕೆನಿಸಿದವರನ್ನು ಅಕ್ಕ ತಡಮಾಡದೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಕಟ್ಟೆ ಇರುವುದು ಬಾಯಿ ಬಿಡಿಸುವುದಕ್ಕೆ ಮಾತ್ರ.

ಪಕ್ಕದ ಡಿಪೋದ ಆಂಬುಲೆನ್ಸಿನವರೂ ಬರುತ್ತಾರೆ. ಅವರಿಗೆ ತೊಳೆಯಲು ಪೈಪಿಲ್ಲ, ಆದರೂ ಬ್ರಷ್ಷು ಹಿಡಿಯುತ್ತಾರೆ. ಅವರಲ್ಲೊಬ್ಬಾಕೆ ನರ್ಸ್. "ಮಲಗಿದ ಗಂಡನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಾಡ್ತಿದಾರಾ ಅಂತ ನೋಡ್ತಿದ್ದೆ. ಅವರು ಚೀರಿಕೊಂಡು ಏಳೋರು. ಈಗ ವಾರಕ್ಕೊಂದು ಸಲ ಮಾತ್ರ ಚೀರ್ತಾರೆ" ಎಂದು ಆಕೆ ಹೇಳಿದರೆ ಕಟ್ಟೆಯಲ್ಲಿದ್ದವರೆಲ್ಲ ನಗುತ್ತಾರೆ. ನಗುವವರಲ್ಲಿ ಅರ್ಧ ಜನ ತಮ್ಮ ಮನೆಯಲ್ಲೂ ಅದನ್ನೇ ಮಾಡುವವರು.

ಅಕ್ಕನಿಗೆ ತನ್ನ ಕೆಲಸದಲ್ಲಿ ಅತಿ ಕಷ್ಟವಾದದ್ದು ಯಾವುದು ಎಂದು ಕೇಳಿದರೆ, ಈಗಿನ ದೊಡ್ಡ ಗಾಡಿಯ ಡ್ರೈವರನ ಕಡೆ ನೋಡುತ್ತಾರೆ. ಅವನೇ ಮುಂದೆ ಬಂದು, ಬರೆದುಕೊಳ್ಳುತ್ತಿರುವ ನಮಗೆ "ಬರೀರಿ, ಪರವಾಗಿಲ್ಲ. ಇನ್ನೊಬ್ಬ ಡ್ರೈವರ್ ಓದ್ಲಿ" ಎನ್ನುತ್ತಾನೆ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು, ಮಾತು ಕಡಿಮೆ.

ಒಂದು ಬೆಳಿಗ್ಗೆ ಪೈಪು ಉಜ್ಜುತ್ತಾ ಅವನು ಮಗಳ ವಿಷಯ ತೆಗೆದನಂತೆ. "ಸ್ಕೂಲಿಗೆ ನಾನೇ ನಡೆಸ್ಕೊಂಡು ಹೋಗ್ತೀನಿ ಅಕ್ಕ. ಬಟ್ಟೆ ಅಂಗಡಿ ಬೀದೀಲಿ ಹೋದ್ರೆ ಹತ್ತಿರ. ಆದ್ರೆ ಅವಳಿಗೆ ಕಾಲುವೆ ಕಡೆ ಸುತ್ತು ದಾರೀನೇ ಇಷ್ಟ. ಬಾತುಕೋಳಿ ಇವೆಯಲ್ಲ." ಕಟ್ಟೆಯಲ್ಲಿದ್ದ ಜೊತೆಗಾರನೊಬ್ಬ, "ಗಾಡೀಲಿ ನಮ್ಮನ್ನೂ ಹಂಗೇ ಊರು ಸುತ್ತಿಸ್ತಾನೆ" ಎಂದು ಚುಡಾಯಿಸಿ, ಥಟ್ಟನೆ ನಾಲಿಗೆ ಕಚ್ಚಿಕೊಂಡ. ಅಕ್ಕನ ಬ್ರಷ್ಷು ನಿಂತಿತು.

ಯಾಕೆಂದರೆ ಅಕ್ಕನ ಬಾಲ್ಯದ ಅತಿ ಸಿಹಿಯಾದ ನೆನಪೇ ಒಂದು ಸುತ್ತು ದಾರಿ. ಸಂಜೆ ಅಪ್ಪ ಸ್ಕೂಲಿನ ಗೇಟಿಗೆ ಬರುತ್ತಿದ್ದರು. ಮರ ಕೊಯ್ಯುವ ಮಿಲ್ಲಿನ ರಸ್ತೆ ಹಿಡಿದರೆ ಮನೆ ಕೂಗಳತೆ. ಅಪ್ಪ ಮಾತ್ರ ರೈಲು ಹಳಿಯ ಪಕ್ಕದ ದೂರದ ದಾರಿಯನ್ನೇ ಹಿಡಿಯುತ್ತಿದ್ದರು. ಕೈಯಲ್ಲಿ ಪೆಪ್ಪರ್‌ಮಿಂಟು, ಬಾಯಲ್ಲಿ ಕಥೆ. ರೈಲು ಬಂದರೆ ಇಬ್ಬರೂ ನಿಂತು ಕೈ ಬೀಸುತ್ತಿದ್ದರು. ಬೇರೆ ಮಕ್ಕಳ ಅಪ್ಪಂದಿರಿಗೆ ಮಕ್ಕಳಿಗಾಗಿ ಇಷ್ಟು ಪುರಸೊತ್ತಿಲ್ಲವಲ್ಲ ಎಂದು ಆ ಹುಡುಗಿ ಜಂಬಪಟ್ಟಿದ್ದೇ ಪಟ್ಟಿದ್ದು.

ಮುಂದೆ ಸಮಾಲೋಚನೆಯ ತರಬೇತಿಯಲ್ಲಿ ಒಂದು ದಿನ ಮೇಷ್ಟ್ರು ಆಘಾತದ ನಂತರ ಉಳಿಯುವ ಗುರುತುಗಳನ್ನು ವಿವರಿಸುತ್ತಿದ್ದರು. ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು. ಆಮೇಲೆ, ಘಟನೆ ನಡೆದ ಜಾಗದ ಕಡೆ ಕಾಲಿಡದೆ ವರ್ಷಗಟ್ಟಲೆ ಸುತ್ತಿ ಹೋಗುವುದು. ಅಕ್ಕನಿಗೆ ಮಿಲ್ಲಿನ ರಸ್ತೆ ನೆನಪಾಯಿತು. ಅವರು ಹುಟ್ಟುವ ಮೊದಲು ಆ ಮಿಲ್ಲಿಗೆ ಬೆಂಕಿ ಬಿದ್ದು, ಗೋಡೆ ಕುಸಿದು ಅಪ್ಪನ ಜೀವದ ಗೆಳೆಯ ಅಡಿಯಲ್ಲಿ ಉಳಿದುಹೋಗಿದ್ದ. ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದ ಮಾತು ಅದು. "ಕ್ಲಾಸಲ್ಲಿ ಎಲ್ಲರ ಮುಂದೆ ಬಿಕ್ಕಿಬಿಕ್ಕಿ ಅತ್ತೆ. ಪೆಪ್ಪರ್‌ಮಿಂಟು ನೆನಪಾಯ್ತು. ಅಪ್ಪ ನನ್ನ ಕೈ ಅಷ್ಟು ಬಿಗಿಯಾಗಿ ಯಾಕೆ ಹಿಡೀತಿದ್ರು ಅಂತ ಗೊತ್ತಾಯ್ತು."

ಹಾಗಾಗಿ ಡ್ರೈವರನ ಮಾತಿನ ಹಿಂದೆ ಏನಿದೆ ಎಂದು ಊಹಿಸುವುದು ಅಕ್ಕನಿಗೆ ಕಷ್ಟವಾಗಲಿಲ್ಲ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಬಟ್ಟೆ ಅಂಗಡಿ ಬೀದಿಯ ಒಂದು ಮಳಿಗೆಗೆ ಬೆಂಕಿ ಬಿದ್ದಿತ್ತು. ಬೆಂಕಿಯ ಜಾಗದಲ್ಲಿ ಡ್ರೈವರನ ಕೆಲಸ ಗಾಡಿಯ ಪಂಪು ನೋಡಿಕೊಳ್ಳುವುದು. ಒಳಗೆ ಪೈಪು ಹಿಡಿದು ಹೋದವರಿಗೆ ನೀರಿನ ಒತ್ತಡ ತಪ್ಪದಂತೆ ಅವನು ಅಲ್ಲಿಂದ ಕದಲುವಂತಿಲ್ಲ, ನೀರು ನಿಂತರೆ ಒಳಗಿದ್ದವರು ಸುಟ್ಟುಹೋಗುತ್ತಾರೆ. ಇಬ್ಬರು ಒಳಗಿದ್ದರು. ಆಗ ಮೇಲಿನ ಮಹಡಿಯ ಕಿಟಕಿಯಲ್ಲಿ ಅಜ್ಜಿಯೊಬ್ಬರು ಕಂಡರು.

"ನನ್ನನ್ನೇ ನೋಡಿ ಕೈ ಬೀಸಿದ್ರು. ನಾನು ವೈರ್‌ಲೆಸ್ಸಲ್ಲಿ ಕೂಗಿದೆ, ಏಣಿ ಕೇಳಿದೆ. ಅಜ್ಜಿಗೆ ಕೈಯೆತ್ತಿ 'ಬಂದೆ ಅಜ್ಜಿ, ಬಂದೆ' ಅಂದೆ. ಏಣಿ ಗಾಡಿ ಬರೋಷ್ಟ್ರಲ್ಲಿ ಹೊಗೆ ಮುಚ್ಚಿಬಿಡ್ತು. ನಾನು 'ಬಂದೆ' ಅಂದಿದ್ದೆ. ಹೋಗ್ಲಿಲ್ಲ," ಎನ್ನುತ್ತಾನೆ ಡ್ರೈವರ್.

ತನಿಖೆಯಲ್ಲಿ ಅವನ ತಪ್ಪೇನೂ ಇಲ್ಲವೆಂದಾಯಿತು. ಅಂದಿನಿಂದ ಅವನು ಆ ಬೀದಿಯಲ್ಲಿ ಕಾಲಿಡಲಿಲ್ಲ, ಗಾಡಿಯನ್ನೂ ನುಗ್ಗಿಸಲಿಲ್ಲ. ಮಾರುಕಟ್ಟೆಯ ಕಡೆಯಿಂದ ಕರೆ ಬಂದರೆ ಹೊರವರ್ತುಲ ರಸ್ತೆ ಹಿಡಿದು ಸುತ್ತಿ ಹೋಗುತ್ತಿದ್ದ. ಜೊತೆಗಾರರಿಗೆ ಗೊತ್ತಿತ್ತು. ಗೆಳೆಯನ ಮರ್ಯಾದೆ ಉಳಿಸಲು, ತಡವಾದಾಗಲೆಲ್ಲ "ಲಾರಿ ಅಡ್ಡ ಬಂತು ಸರ್", "ರೈಲ್ವೆ ಗೇಟ್ ಹಾಕಿತ್ತು ಸರ್" ಎಂದು ಒಬ್ಬೊಬ್ಬರು ಒಂದೊಂದು ನೆಪ ಕಟ್ಟುತ್ತಿದ್ದರು. ಪ್ರೀತಿಯಿಂದಲೇ ಮಾಡಿದ ತಪ್ಪು. ಅದುವರೆಗೆ ಬಿದ್ದದ್ದು ಸಣ್ಣಪುಟ್ಟ ಬೆಂಕಿಗಳು, ಅದೃಷ್ಟ. ಮುಂದಿನದೂ ಸಣ್ಣದೇ ಇರುತ್ತದೆಂದು ಯಾರು ಹೇಳಬಲ್ಲರು?

ಅಕ್ಕ ಅವನನ್ನು ಮಹಡಿಗೆ ಕರೆದು, ಸಾಹೇಬರಿಗೆ ಹೇಳಲೇಬೇಕು ಎಂದರು. ಅವನು ಕೆರಳಿದ. "ಕಟ್ಟೆ ಮೇಲೆ ಆಡಿದ್ದು ಕಟ್ಟೆ ಮೇಲೇ ಇರುತ್ತೆ ಅಂದಿದ್ರಲ್ಲ ಅಕ್ಕ?"

"ನಿನ್ನ ದುಃಖ ಇಲ್ಲೇ ಇರುತ್ತೆ. ಗಾಡಿ ಹೋಗೋ ದಾರಿ ಊರಿನವರದ್ದು. ನೀನೇ ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ."

ಅವನು ಹೇಳಿದ. ಅಧಿಕಾರಿ ಅವನಿಂದ ಸ್ಟೇರಿಂಗ್ ಬಿಡಿಸಿ ಉಗ್ರಾಣದ ಕೆಲಸಕ್ಕೆ ಹಾಕಿದರು. ಅಕ್ಕ ಸರಿ ಎಂದ ಮೇಲೆ ಮತ್ತೆ ಗಾಡಿ, ಇಲ್ಲದಿದ್ದರೆ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಗಾಡಿ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ, ಬೇಕೂ ಇಲ್ಲದ ಮನುಷ್ಯ ಅವನು. ಅಕ್ಕನಿಗೆ ಬೆನ್ನು ತಿರುಗಿಸಿದ. ಅವನ ಹಿಂದೆ ಇಡೀ ಪಾಳಿಯೇ ಕಟ್ಟೆ ಬಿಟ್ಟಿತು. ಪೈಪುಗಳು ಸೀದಾ ಮೆಷಿನ್ನಿಗೆ ಹೋದವು. ಅಕ್ಕ ಬೆಳಿಗ್ಗೆ ಬಂದು ಬ್ರಷ್ಷು ಹಿಡಿದು ಒಬ್ಬರೇ ಕೂತು ಎದ್ದು ಹೋಗುತ್ತಿದ್ದರು. ತಾನು ಕಟ್ಟಿದ್ದನ್ನು ತಾನೇ ಕೆಡವಿದೆನಾ ಎಂದು ಅವರಿಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದೂ ಇಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಅಪ್ಪನನ್ನು ವಾಕಿಂಗ್ ಕರೆದುಕೊಂಡು ಹೊರಟರು. ಅಪ್ಪ ಈಗ ಎಂಬತ್ತು ದಾಟಿ ಮಗಳ ಮನೆಯಲ್ಲೇ ಇದ್ದಾರೆ, ಮೊಮ್ಮಕ್ಕಳಿಗೆ ಗೇರು ಹಾಕುವುದು ಹೇಗೆಂದು ಊರುಗೋಲಿನಲ್ಲೇ ತೋರಿಸುತ್ತಾರೆ. ಬೀದಿಯ ಮೂಲೆಯಲ್ಲಿ ಅಕ್ಕ ಮೆಲ್ಲಗೆ ಮಿಲ್ಲಿನ ರಸ್ತೆಯ ಕಡೆ ತಿರುಗಿದರು. ಮಿಲ್ಲು ಹೋಗಿ ಎಷ್ಟೋ ಕಾಲವಾಗಿ ಅಲ್ಲೀಗ ಸಾಲು ಮನೆಗಳಿವೆ. ಅಪ್ಪ ನಿಂತುಬಿಟ್ಟರು. ಮಗಳ ಕೈ ಅಮುಕಿ, ರೈಲು ಹಳಿಯ ಕಡೆ ಗೋಲು ತೋರಿಸಿದರು.

"ಆ ಕಡೆಯಿಂದ ಹೋಗೋಣ ಮಗಳೇ. ನಿನಗೆ ಸುತ್ತು ದಾರೀನೇ ಇಷ್ಟ ಅಲ್ವಾ?"

ಹೇಳುವಾಗ ಅಕ್ಕ ಕನ್ನಡಕ ತೆಗೆದು ಒರೆಸುತ್ತಾರೆ. "ಅಪ್ಪ ನಾಟಕ ಆಡ್ತಿರಲಿಲ್ಲ. ನನಗೋಸ್ಕರ ಅಂತ ನಿಜವಾಗ್ಲೂ ನಂಬಿಬಿಟ್ಟಿದಾರೆ. ಅಳುನೂ ಬಂತು, ನಗುನೂ ಬಂತು. ಅವರನ್ನ ನಾನು ಎಳೀಲಿಲ್ಲ. ಅವರಿಗಿನ್ನು ಓಡಿಸೋಕೆ ಯಾವ ಗಾಡಿಯೂ ಇಲ್ಲ. ಹಳಿ ಪಕ್ಕದಲ್ಲೇ ಹೋದ್ವಿ, ರೈಲಿಗೆ ಕೈನೂ ಬೀಸಿದ್ವಿ. ಆದ್ರೆ ಈ ಹುಡುಗನಿಗೆ ಗಾಡಿ ಇದೆ. ಬಾತುಕೋಳಿ ನೋಡೋ ಮಗಳಿದಾಳೆ."

ಮರುದಿನ ಅಕ್ಕ ಡ್ರೈವರನ ಮನೆ ಬಾಗಿಲಿಗೆ ಹೋದರು. ಬುದ್ಧಿ ಹೇಳಲಿಲ್ಲ. ಪೆಪ್ಪರ್‌ಮಿಂಟಿನಿಂದ ಹಿಡಿದು ಹಿಂದಿನ ಸಂಜೆಯವರೆಗೆ ಅಪ್ಪನ ಕಥೆಯನ್ನಷ್ಟೇ ಹೇಳಿ ಬಂದರು. ಅವನು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದ. ಕೆಲವು ದಿನ ಕಳೆದು, ಬೆಳಗಾಗುವ ಹೊತ್ತಿಗೆ ತೊಟ್ಟಿಯ ಹತ್ತಿರ ಬಂದು ನಿಂತ. "ನಡೀರಿ ಅಕ್ಕ" ಎಂದ.

ಮೊದಲ ದಿನ ಬೀದಿಯ ಬಾಯಿಯವರೆಗೆ ಹೋಗಿ ವಾಪಸ್ ಬಂದರು. ಆಮೇಲೆ ಗುಂಡಿ ದಾರ ಮಾರುವ ಅಂಗಡಿಯವರೆಗೆ. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗುತ್ತಿತ್ತು. ಅಕ್ಕ ಪಕ್ಕದಲ್ಲಿ ನಡೆಯುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈಗ ಏನು ಕಾಣಿಸ್ತಿದೆ ಹೇಳು." ಅವನು ಹಲ್ಲು ಕಚ್ಚಿ ಹೇಳುತ್ತಿದ್ದ, "ಶಟರು. ಸೈಕಲ್ಲು. ಬೆಕ್ಕು." ಮಹಡಿಯ ಕೋಣೆಯಲ್ಲಿ ಆ ದಿನದ ಬೆಂಕಿಯನ್ನು ಮೊದಲಿನಿಂದ ಕೊನೆಯವರೆಗೆ, ಬಿಡದೆ, ಮತ್ತೆ ಮತ್ತೆ ಹೇಳಿಸಿದರು. ಡಬ್ಬಿಯ ಕಾಗದ ಆಗ ಖರ್ಚಾಯಿತು.

ಆ ಕಟ್ಟಡದ ಮುಂದೆ ನಿಲ್ಲಬೇಕಾದ ದಿನ ಅಕ್ಕ ಇನ್ನೊಬ್ಬನನ್ನೂ ಕರೆದುಕೊಂಡು ಹೋದರು. ಅಂದು ಪೈಪು ಹಿಡಿದು ಒಳಗಿದ್ದ ಇಬ್ಬರಲ್ಲಿ ಒಬ್ಬ, ಕಟ್ಟೆಯಲ್ಲಿ ನಾಲಿಗೆ ಕಚ್ಚಿಕೊಂಡಿದ್ದವನೇ. ಮೇಲಿನ ಕಿಟಕಿಗೆ ಹೊಸ ಚೌಕಟ್ಟು ಬಂದಿತ್ತು, ಯಾರದ್ದೋ ಮಗುವಿನ ಬಟ್ಟೆ ಒಣಗುತ್ತಿತ್ತು. ಡ್ರೈವರ್ ಅದನ್ನೇ ನೋಡುತ್ತಾ ನಿಂತ. ಜೊತೆಗಾರ ಅವನ ಭುಜ ಹಿಡಿದ. "ನೀನು ಪಂಪು ಬಿಟ್ಟು ಮೇಲೆ ಓಡಿದ್ರೆ ನಾನಿವತ್ತು ಇಲ್ಲಿ ನಿಂತಿರ್ತಿರಲಿಲ್ಲ ಕಣೋ. ನಿನಗೆ ಈ ಮಾತು ಹೇಳೋಕೆ ಬಾಯೇ ಬರ್ಲಿಲ್ಲ. ಅಜ್ಜಿ ಹೋದ್ರು ಅಂತ ನೀನು ಸಾಯ್ತಿದ್ದೆ, ನಾನು ಬದುಕಿದೆ ಅಂತ ಹೇಗೆ ಹೇಳ್ಲಿ?" ಇಬ್ಬರು ದಢೂತಿ ಗಂಡಸರು ಬೀದಿಯ ನಡುವೆ ತಬ್ಬಿಕೊಂಡು ಅತ್ತರು. ಹಾಲಿನ ಗಾಡಿಯವನು ಹಾರ್ನ್ ಹೊಡೆಯದೆ ಕಾದ.

ಅಭ್ಯಾಸಕ್ಕೆಂದು ಸೈರನ್ ಇಲ್ಲದೆ, ಮತ್ತೆ ಸೈರನ್ ಹಾಕಿ ಗಾಡಿಯನ್ನು ಆ ಬೀದಿಯಲ್ಲಿ ಓಡಿಸಿದ್ದಾಯಿತು. ಅಕ್ಕ ಸರಿ ಎಂದರು, ಸ್ಟೇರಿಂಗ್ ಮರಳಿ ಅವನ ಕೈಗೆ ಬಂತು. ಮುನಿಸು ಮರೆತು ಪಾಳಿಯೂ ಕಟ್ಟೆಗೆ ಮರಳಿತು. ಆದರೆ ನಿಜವಾದ ಕರೆ ಬರುವವರೆಗೆ ಯಾರಿಗೂ ಉಸಿರು ಹಗುರಾಗಿರಲಿಲ್ಲ.

ಅದೂ ಬಂತು, ಒಂದು ಬೆಳಿಗ್ಗೆ, ಮಾರುಕಟ್ಟೆಯ ಹಿಂಭಾಗದಿಂದ. ಗಂಟೆ ಬಾರಿಸಿದ್ದೇ ತಡ ಗಾಡಿ ಗೇಟು ದಾಟಿತು. ಅಂಗಳದಲ್ಲಿ ಉಳಿದವರು ಬ್ರಷ್ಷು ನಿಲ್ಲಿಸಿ ಕಿವಿಗೊಟ್ಟರು. ಹೊರವರ್ತುಲ ರಸ್ತೆ ಹಿಡಿದರೆ ಸೈರನ್ ಸದ್ದು ಠಾಣೆಯ ಹಿಂದಕ್ಕೆ ಸರಿಯುತ್ತದೆ, ಬಟ್ಟೆ ಅಂಗಡಿ ಬೀದಿಗೆ ನುಗ್ಗಿದರೆ ಮುಂದೆ ಮುಂದೆ ಹೋಗಿ ಕಟ್ಟಡಗಳ ನಡುವೆ ಮೊಳಗುತ್ತದೆ. ಎರಡು ದಾರಿ ಕವಲೊಡೆಯುವ ವೃತ್ತದ ಹತ್ತಿರ ಸದ್ದು ಒಂದು ಗಳಿಗೆ ನಿಂತಲ್ಲೇ ನಿಂತಿತು. ಆಮೇಲೆ ಕಟ್ಟಡಗಳ ನಡುವೆ ಜೋರಾಗಿ ಮೊಳಗಿ, ಸೀದಾ ಹೊರಟುಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಉಜ್ಜಿ ಉಜ್ಜಿ, ನೀರು ಸುಮ್ನೆ ಹೋಗ್ತಿದೆ" ಎಂದು ಅಕ್ಕ ಗದರಿದರು. ಹತ್ತಿಕೊಂಡಿದ್ದು ಬರೀ ಕಸದ ಗುಡ್ಡೆ ಎಂದು ಆಮೇಲೆ ತಿಳಿಯಿತು.

ಬೇರೆ ಠಾಣೆಗಳಲ್ಲೂ ಇಂಥದ್ದೊಂದು ತೊಟ್ಟಿ ಉಳಿದಿದ್ದರೆ ಸಾಕು ಎಂಬುದು ಅಕ್ಕನ ಆಸೆ. ತನ್ನ ಬಗ್ಗೆ ಬರೆಯುವುದೇನಿದೆ ಎಂದು ಮೂಗು ಮುರಿಯುತ್ತಾರೆ. "ನಾನು ಮಾಡಿದ್ದು ಅಪ್ಪನ ಕಾಲದ್ದೇ. ಸರ್ಟಿಫಿಕೇಟ್ ಒಂದು ಹೊಸದು."

ಮಾತು ಮುಗಿಯುವ ಹೊತ್ತಿಗೆ ಡ್ರೈವರ್ ಪೈಪಿನ ಸುರುಳಿ ಹೊತ್ತು ಬಂದು ಕಟ್ಟೆಯ ಮೇಲೆ ಕುಕ್ಕುತ್ತಾನೆ. ಮುಖ ಊದಿಕೊಂಡಿದೆ.

"ಏನಾಯ್ತೋ?"

"ಮಗಳು ಮಾತು ಬಿಟ್ಟಿದಾಳೆ ಅಕ್ಕ. ಈಗ ಬಟ್ಟೆ ಅಂಗಡಿ ಬೀದೀಲೇ ಕರ್ಕೊಂಡು ಹೋಗ್ತೀನಲ್ಲ. ನಾನು ಎದೆ ಉಬ್ಬಿಸ್ಕೊಂಡು ನಡೀತಿದ್ರೆ, 'ಇಷ್ಟು ಬೇಗ ಸ್ಕೂಲ್ ಬಂದ್ಬಿಡ್ತಾ?' ಅಂತ ಅಳ್ತಾಳೆ. ಬಾತುಕೋಳಿ ಬೇಕಂತೆ."

ಕಟ್ಟೆಯಲ್ಲಿ ನಗು ಏಳುತ್ತದೆ. ಅಕ್ಕ ಮಾತ್ರ ನಗದೆ, ಪೈಪಿನ ಒಂದು ತುದಿಯನ್ನು ಅವನ ಕೈಗೆ ಕೊಡುತ್ತಾರೆ.

"ಹಾಗಾದ್ರೆ ನಾಳೆಯಿಂದ ಕಾಲುವೆ ಕಡೆಯಿಂದ್ಲೇ ಕರ್ಕೊಂಡು ಹೋಗು."

"ಸುತ್ತು ದಾರೀಲಾ? ನೀವೇ ಹೇಳ್ತಿದೀರಾ ಅಕ್ಕ?"

"ನಾನೇ ಹೇಳ್ತಿದೀನಿ. ಇಷ್ಟು ದಿನ ಆ ದಾರಿ ನಿಂದಾಗಿತ್ತು. ಇನ್ಮೇಲೆ ಅವಳದ್ದು."